ಹಳೇ ಗೋಣಿ, ಅಕ್ಕಿ ಚೀಲ, ಸೀರೆಯಿಂದ ಸಂತೆಗೆ ಗಟ್ಟಿಯಾದ ಕೈಚೀಲ ಹೊಲಿಯುವುದು ಹೇಗೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಹಳೇ ಗೋಣಿ ಚೀಲ, ಗೊಬ್ಬರದ ಚೀಲ, ಅಕ್ಕಿ ಚೀಲ ಮನೆಯಲ್ಲಿ ರಾಶಿ ಬಿದ್ದಿವೆ. ಯಜಮಾನರ ಹಳೇ ಜೀನ್ಸ್, ಅತ್ತೆಯವರ ಕಾಟನ್ ಸೀರೆಗಳೂ ಇವೆ. ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್‌ನಲ್ಲಿ ಗೋಣಿಯಿಂದ ಒಂದು ಕೈಚೀಲ ಹೊಲಿದೆ. ಹೊಲಿಯುವಾಗ ಸೂಜಿ ಮುರಿಯಿತು. ಮೊದಲ ಸಂತೆಯಲ್ಲೇ ಹಿಡಿ ಕಿತ್ತು ಬಂತು. ಆಮೇಲೆ ಮಳೆಗಾಲದಲ್ಲಿ ಬೂಸ್ಟು ಹಿಡಿಯಿತು. ಎಲ್ಲಿ ತಪ್ಪಾಯಿತು? ಗೊಬ್ಬರದ ಚೀಲದಿಂದ ಹೊಲಿದು ಅದರಲ್ಲಿ ತರಕಾರಿ ತರಬಹುದಾ? ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಇಂಟರ್‌ಲಾಕ್ ಮಿಷನ್ ಇಲ್ಲದೆ ಈ ಕೆಲಸ ಆಗುತ್ತಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹಿಡಿ ಕಿತ್ತು ಬಂದ ವಿಷಯ. ಸೂಜಿ, ಬೂಸ್ಟು ಎಲ್ಲ ಆಮೇಲೆ. ಮನೆಯಲ್ಲಿ ಹೊಲಿದ ಕೈಚೀಲ ಕೈಕೊಡುವುದು ಹೆಚ್ಚಾಗಿ ಹಿಡಿ ಸೇರುವ ಜಾಗದಲ್ಲೇ. ಕಿತ್ತ ಜಾಗವನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಗೋಣಿಯ ಎಳೆಗಳು ತುಂಡಾಗಿರುವುದಕ್ಕಿಂತ ಪಕ್ಕಕ್ಕೆ ಸರಿದಿರುವುದೇ ಜಾಸ್ತಿ ಕಾಣುತ್ತದೆ. ಗೋಣಿಯ ನೇಯ್ಗೆ ಸಡಿಲ. ಹಿಡಿಯನ್ನು ಬಾಯಿಯ ಅಂಚಿಗೆ ಮೂರು ಬೆರಳಿನಷ್ಟು ಜಾಗದಲ್ಲಿ ಹೊಲಿದರೆ ಚೀಲದ ಭಾರವೆಲ್ಲ ಅಲ್ಲಿರುವ ಕೆಲವೇ ಅಡ್ಡ ಎಳೆಗಳ ಮೇಲೆ ಬೀಳುತ್ತದೆ. ಅವು ಮೇಲಕ್ಕೆ ಜಾರುತ್ತವೆ. ಹೊಲಿಗೆಯೂ ಅವುಗಳ ಜೊತೆಗೇ ಹೊರಗೆ ಬರುತ್ತದೆ. 50 ಕೆಜಿ ಕಾಫಿ ಹೊತ್ತ ಗೋಣಿ ಐದಾರು ಕೆಜಿ ತರಕಾರಿಗೆ ಸೋಲುವುದು ಇದೇ ಕಾರಣಕ್ಕೆ. ಮೂಟೆಯಲ್ಲಿ ಭಾರ ಇಡೀ ಚೀಲಕ್ಕೆ ಹಂಚಿಹೋಗುತ್ತದೆ. ಕೈಚೀಲದಲ್ಲಿ ಹಿಡಿಯ ನಾಲ್ಕು ತುದಿಗೆ ಬೀಳುತ್ತದೆ.

ಅದಕ್ಕೆ ಹಿಡಿಯನ್ನು ಬಾಯಿಗೆ ಮಾತ್ರ ಹೊಲಿಯಬೇಡಿ. ಒಂದೇ ಉದ್ದನೆಯ ಪಟ್ಟಿ ಮಾಡಿ. ಅದು ಬಾಯಿಯಿಂದ ಕೆಳಗಿಳಿಯಬೇಕು, ತಳದ ಅಡಿಯಲ್ಲಿ ಹಾದು ಆ ಕಡೆ ಮೇಲೆ ಹತ್ತಬೇಕು, ಅಲ್ಲಿ ಹಿಡಿಯಾಗಿ ತಿರುಗಿ ಮತ್ತೆ ಕೆಳಗಿಳಿದು ಸುತ್ತು ಮುಗಿಸಬೇಕು. ಆಗ ಸಾಮಾನಿನ ಭಾರ ಹೊರುವುದು ಪಟ್ಟಿ. ಗೋಣಿಯ ಕೆಲಸ ಸಾಮಾನು ಬೀಳದಂತೆ ನೋಡಿಕೊಳ್ಳುವುದಷ್ಟೇ. ಹೀಗೆ ಹೊಲಿದರೆ ಸ್ವಲ್ಪ ಹಳೇ ಬಟ್ಟೆಯ ಚೀಲವೂ ಚೆನ್ನಾಗಿ ಬಾಳಿಕೆ ಬರುತ್ತದೆ.

ಪಟ್ಟಿಗೆ ಅತ್ತೆಯವರ ಸೀರೆ ಇದೆಯಲ್ಲ, ಅದರ ಅಂಚೇ ಸಾಕು. ಕಾಟನ್ ಸೀರೆಯಲ್ಲಿ ಒಡಲು ಸವೆದು ತೆಳ್ಳಗಾಗಿದ್ದರೂ ಅಂಚು ಗಟ್ಟಿಯಾಗಿಯೇ ಇರುತ್ತದೆ, ಅಲ್ಲಿ ನೇಯ್ಗೆ ಒತ್ತಾಗಿರುತ್ತದೆ. ಸೀರೆ ಉದ್ದ ಸುಮಾರು ಐದೂವರೆ ಮೀಟರ್. ನಾನು ಕೆಳಗೆ ಹೇಳುವ ಅಳತೆಗೆ ಬೇಕಾಗುವುದು ಮೂರು ಮೀಟರ್. ಒಂದೇ ಅಂಚಿನಲ್ಲಿ, ನಡುವೆ ಜೋಡಣೆ ಇಲ್ಲದೆ ಇಡೀ ಪಟ್ಟಿ ಸಿಗುತ್ತದೆ. ಅಂಚಿನ ಜೊತೆಗೆ ಒಡಲನ್ನೂ ಸ್ವಲ್ಪ ಸೇರಿಸಿ 16 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ. ಉದ್ದುದ್ದಕ್ಕೆ ನಾಲ್ಕು ಮಡಿಕೆ ಮಾಡಿ, ಅಂಚು ಹೊರಗೆ ಕಾಣುವ ಹಾಗೆ ಇಸ್ತ್ರಿ ಹಾಕಿ, ಎರಡೂ ಬದಿಗೆ ಹೊಲಿಗೆ ಓಡಿಸಿ. ನಾಲ್ಕು ಸೆಂಟಿಮೀಟರ್ ಅಗಲದ ಪಟ್ಟಿ ಆಗುತ್ತದೆ. ಇದಕ್ಕಿಂತ ಸಪೂರ ಆದರೆ ಭಾರ ಹೊತ್ತಾಗ ಬೆರಳು ಕೊಯ್ದ ಹಾಗೆ ಆಗುತ್ತದೆ. ಸೀರೆ ಕತ್ತರಿಸಲು ಅತ್ತೆಯವರಿಗೆ ಮನಸ್ಸು ಬಾರದಿದ್ದರೆ ಜೀನ್ಸ್‌ನಿಂದಲೂ ಮಾಡಬಹುದು. ಆದರೆ ಈಗಿನ ಎಷ್ಟೋ ಜೀನ್ಸ್‌ನಲ್ಲಿ ಎಳೆದರೆ ಹಿಗ್ಗುವ ನೂಲು ಸೇರಿರುತ್ತದೆ. ಅಂಥ ಬಟ್ಟೆಯ ಹಿಡಿ ಭಾರಕ್ಕೆ ಉದ್ದವಾಗುತ್ತಾ ಹೋಗಿ ಚೀಲ ನೆಲಕ್ಕೆ ತಾಗುತ್ತದೆ. ಅಡ್ಡಕ್ಕೆ ಎಳೆದು ನೋಡಿ. ಹಿಗ್ಗದಿದ್ದರೆ ಮಾತ್ರ ಪಟ್ಟಿಗೆ ತೆಗೆದುಕೊಳ್ಳಿ. ಹಿಗ್ಗುವುದಾದರೆ ಒಳಗಿನ ಜೇಬಿಗೆ ಇಟ್ಟುಕೊಳ್ಳಿ.

ಈಗ ಯಾವ ಚೀಲ ಯಾವುದಕ್ಕೆ ಅನ್ನುವುದು. ಇಲ್ಲಿ ದಯವಿಟ್ಟು ಸ್ವಲ್ಪ ಕಟ್ಟುನಿಟ್ಟಾಗಿರಿ.

ತರಕಾರಿಗೆ ಎಲ್ಲಕ್ಕಿಂತ ಒಳ್ಳೆಯದು ಅಕ್ಕಿ ಚೀಲ. ಆಹಾರ ತುಂಬಿದ್ದ ಚೀಲ, ತೊಳೆದರೆ ಮುಗಿಯಿತು. ಹಿಂಡಿ, ಬೂಸಾ, ಪಶು ಆಹಾರದ ಚೀಲವೂ ಆಗುತ್ತದೆ. ಆದರೆ ಅದರ ಹೊಲಿಗೆಯ ಮೂಲೆಯಲ್ಲಿ ಪುಡಿ ಕೂತಿರುತ್ತದೆ, ಪೂರ್ತಿ ಬಿಚ್ಚಿಯೇ ತೊಳೆಯಬೇಕು. ಯೂರಿಯಾ ನೀರಿನಲ್ಲಿ ಸಲೀಸಾಗಿ ಕರಗುವ ಗೊಬ್ಬರ. ಆ 45 ಕೆಜಿ ಚೀಲವನ್ನು ನಾಲ್ಕೈದು ನೀರಿನಲ್ಲಿ ತೊಳೆದರೆ ಸೌದೆ, ತೆಂಗಿನಕಾಯಿ, ಚಪ್ಪಲಿ, ತೋಟದ ಕತ್ತಿ, ಕತ್ತರಿ ಇಡುವ ಚೀಲ ಚೆನ್ನಾಗಿ ಆಗುತ್ತದೆ. ತರಕಾರಿ, ಹಣ್ಣು ಅದರಲ್ಲಿ ತರುವುದು ಬೇಡ. ಮನೆಯಲ್ಲಿ ಅಕ್ಕಿ ಚೀಲ ಇರುವಾಗ ಆ ಗೋಜು ಯಾಕೆ, ಅಲ್ವಾ? ಇನ್ನು ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತದ ಚೀಲ, ಕಳೆನಾಶಕದ್ದು, ಕೀಟನಾಶಕ ಪುಡಿಯದ್ದು, ಇವುಗಳನ್ನು ಯಾವ ಕೈಚೀಲಕ್ಕೂ ಮುಟ್ಟಬೇಡಿ. ಎಷ್ಟು ತೊಳೆದರೂ ಬೇಡ. ತೋಟದ ಕೊಟ್ಟಿಗೆಯಲ್ಲಿ ಎಲ್ಲ ಚೀಲ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ. ಮೇಲಿನ ಅಕ್ಷರ ಅಳಿಸಿಹೋಗಿ ಏನು ತುಂಬಿತ್ತು ಅಂತ ಗೊತ್ತಾಗದ ಚೀಲವನ್ನೂ ಬಿಟ್ಟುಬಿಡಿ. ಸಮಾರಂಭದ ಹಳೇ ಫ್ಲೆಕ್ಸ್ ಬ್ಯಾನರ್‌ನಿಂದ ಚೀಲ ಹೊಲಿಯುವವರೂ ಇದ್ದಾರೆ. ಅದು ಪಿವಿಸಿ ಅನ್ನುವ ಪ್ಲಾಸ್ಟಿಕ್. ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ಬಿಸಿಲಿಗೆ ವಾಸನೆ ಬರುತ್ತದೆ. ಆಹಾರ ಪದಾರ್ಥಕ್ಕೆ ಅದು ಸಲ್ಲದು.

ಅಕ್ಕಿ ಚೀಲ, ಗೊಬ್ಬರದ ಚೀಲದಂಥ, ಪ್ಲಾಸ್ಟಿಕ್ ಎಳೆಯಿಂದ ನೇಯ್ದ ಚೀಲಗಳಿಗೆ ಬಿಸಿಲೇ ಶತ್ರು. ಕೆಲವು ತಿಂಗಳು ಅಂಗಳದಲ್ಲಿ ಬಿದ್ದಿದ್ದರೆ ಎಳೆ ಪುಡಿಪುಡಿಯಾಗುತ್ತದೆ. ಒಂದು ಎಳೆಯನ್ನು ಉಗುರಿನಿಂದ ಎಬ್ಬಿಸಿ ಎಳೆಯಿರಿ. ರಿಬ್ಬನ್ ತರಹ ಉದ್ದಕ್ಕೆ ಬಂದರೆ ಚೀಲ ಜೀವಂತ. ಚಿಪ್ಪುಚಿಪ್ಪಾಗಿ ಉದುರಿದರೆ ಅದರ ಆಯಸ್ಸು ಮುಗಿದಿದೆ. ಅದರಲ್ಲಿ ತರಕಾರಿ ತಂದರೆ ಆ ಚೂರುಗಳೂ ಅಡುಗೆಮನೆಗೆ ಬರುತ್ತವೆ.

ಇಂಥ ಚೀಲದ ಬಾಯಿ ಬಿಚ್ಚುವಾಗ ಕತ್ತರಿ ಹಾಕಬೇಡಿ. ಬಾಯಿಯ ಹೊಲಿಗೆಯನ್ನು ಹತ್ತಿರದಿಂದ ನೋಡಿ. ಒಂದು ಮುಖದಲ್ಲಿ ನೇರ ಗೆರೆ, ಇನ್ನೊಂದು ಮುಖದಲ್ಲಿ ಸರಪಳಿ ಕಾಣುತ್ತದೆ. ಒಂದು ತುದಿಯ ಬಾಲವನ್ನು ಕತ್ತರಿಸಿ ದಾರ ಎಳೆಯಿರಿ. ಸರಿಯಾದ ತುದಿ ಸಿಕ್ಕರೆ ಸರ್‍ರನೆ ಇಡೀ ಹೊಲಿಗೆ ಒಂದೇ ಉಸಿರಿಗೆ ಬಿಚ್ಚಿಕೊಳ್ಳುತ್ತದೆ. ಬರದಿದ್ದರೆ ಇನ್ನೊಂದು ತುದಿಯಿಂದ ಎಳೆಯಿರಿ. ಆ ದಾರ ಗಟ್ಟಿ, ಸುತ್ತಿ ಇಟ್ಟುಕೊಳ್ಳಿ, ಮೆಣಸಿನ ಬಳ್ಳಿ ಕಟ್ಟಲು ಬರುತ್ತದೆ.

ಗೋಣಿಯ ವಿಷಯ ಬೇರೆ. ಅದರ ವಾಸನೆ ನಿಮಗೆ ಗೊತ್ತೇ ಇದೆ, ಸೀಮೆಎಣ್ಣೆ ತರಹದ್ದು. ಸೆಣಬಿನ ನಾರು ಮೆದುವಾಗಲಿ ಅಂತ ಮಿಲ್ಲಿನಲ್ಲಿ ಎಣ್ಣೆ ಬೆರೆಸಿದ ನೀರು ಹಾಕುತ್ತಾರೆ. ಸಾಮಾನ್ಯ ಗೋಣಿಗೆ ಅದು ಖನಿಜ ತೈಲ. ಕಾಫಿ ಬೀಜ ಬೇಗ ವಾಸನೆ ಹಿಡಿಯುತ್ತದೆ. ಹಾಗಾಗಿ ರಫ್ತಿಗೆ ತೌಡಿನ ಎಣ್ಣೆಯಂಥ ಅಡುಗೆ ಎಣ್ಣೆ ಹಾಕಿ ಮಾಡಿದ ಗೋಣಿಯೇ ಬೇರೆ ಸಿಗುತ್ತದೆ. ನಿಮ್ಮ ರಾಶಿಯಲ್ಲಿ ಅಂಥದ್ದು ಇದ್ದರೆ ಕೈಚೀಲಕ್ಕೆ ಅದನ್ನೇ ಆರಿಸಿ. ಮೂಸಿ ನೋಡಿದರೆ ಗೊತ್ತಾಗುತ್ತದೆ.

ಗೋಣಿಯನ್ನು ಕತ್ತರಿಸುವ ಮೊದಲೇ ತೊಳೆಯಬೇಕು. ಮೊದಲ ನೀರಿಗೆ ಅದು ಕುಗ್ಗುತ್ತದೆ, ಹೊಲಿದ ಮೇಲೆ ತೊಳೆದರೆ ಚೀಲ ಸೊಟ್ಟಗಾಗುತ್ತದೆ. ಮೊದಲು ಅಂಗಳದಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಚೆನ್ನಾಗಿ ಕೊಡವಿ. ಆ ಧೂಳು ಒಳ್ಳೆಯದಲ್ಲ. ಆಮೇಲೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅರ್ಧ ದಿನ ನೆನೆಸಿ. ಕಲ್ಲಿಗೆ ಬಡಿಯಬೇಡಿ, ಹಿಂಡಬೇಡಿ. ಒದ್ದೆಯಾದಾಗ ಸೆಣಬು ಬಲ ಕಳೆದುಕೊಳ್ಳುತ್ತದೆ. ಸುಮ್ನೆ ತಂತಿ ಮೇಲೆ ಹರಡಿ ನೀರು ಇಳಿಯಲು ಬಿಡಿ. ವಾಸನೆ ಪೂರ್ತಿ ಹೋಗಲು ಕೆಲವು ದಿನ ಗಾಳಿಗೆ ಇರಬೇಕಾಗುತ್ತದೆ. ಈ ತೊಳೆಯುವ ಕೆಲಸವನ್ನೆಲ್ಲ ಕಾಫಿ ಕೊಯ್ಲು ಮುಗಿದ ಮೇಲೆ, ಬೇಸಿಗೆಯಲ್ಲೇ ಮುಗಿಸಿ. ಕಾಫಿ ಒಣಗಿಸಿದ ಕಣ ಹೇಗೂ ಖಾಲಿ ಇರುತ್ತದೆ.

ಗೋಣಿ ಕತ್ತರಿಸಿದರೆ ಅಂಚು ಬಿಚ್ಚಿಕೊಳ್ಳುತ್ತಾ ಹೋಗುತ್ತದೆ ಅನ್ನುವುದು ಎಲ್ಲರ ದೂರು. ಮೊದಲು ನೇರ ಗೆರೆ ಬೇಕಲ್ಲ? ಸ್ಕೇಲು, ಚಾಕ್‌ಪೀಸ್ ಬೇಡ. ಎಲ್ಲಿ ಕತ್ತರಿಸಬೇಕೋ ಅಲ್ಲಿ ಒಂದೇ ಒಂದು ಎಳೆಯನ್ನು ಸೂಜಿಯಿಂದ ಎತ್ತಿ, ಮೆಲ್ಲಗೆ ಎಳೆದು ಪೂರ್ತಿ ತೆಗೆಯಿರಿ. ಎಳೆ ಹೋದ ಜಾಗದಲ್ಲಿ ಸಣ್ಣ ಕಿಂಡಿಗಳ ಸಾಲು ಬೀಳುತ್ತದೆ. ಅದಕ್ಕಿಂತ ನೇರವಾದ ಗೆರೆ ಇನ್ನೊಂದಿಲ್ಲ. ಆ ಗೆರೆಯ ಎರಡೂ ಪಕ್ಕ, ಅರ್ಧ ಸೆಂಟಿಮೀಟರ್ ಬಿಟ್ಟು, ಮಿಷನ್‌ನಲ್ಲಿ ಒಂದೊಂದು ಹೊಲಿಗೆ ಓಡಿಸಿ. ಕತ್ತರಿ ಆಡಿಸುವುದು ಆಮೇಲೆ. ಹೀಗೆ ಹೊಲಿದು ಕತ್ತರಿಸಿದರೆ ಎಳೆ ಆ ಹೊಲಿಗೆಯ ಆಚೆ ಬಿಚ್ಚಿಕೊಳ್ಳುವುದಿಲ್ಲ.

ಅಳತೆ ಇದು. 53 ಸೆಂಟಿಮೀಟರ್ ಅಗಲ, 100 ಸೆಂಟಿಮೀಟರ್ ಉದ್ದದ ಒಂದೇ ತುಂಡು. ಒಂದು ಗೋಣಿ ಬಿಚ್ಚಿದರೆ ಆರಾಮಾಗಿ ಸಿಗುತ್ತದೆ. ಇದರಲ್ಲಿ 38 ಅಗಲ, 40 ಎತ್ತರ, ತಳದಲ್ಲಿ 12 ಸೆಂಟಿಮೀಟರ್ ದಪ್ಪದ ಚೀಲ ಆಗುತ್ತದೆ. ವಾರದ ಸಂತೆಗೆ ಇದು ಹದವಾದ ಅಳತೆ. ಇದಕ್ಕಿಂತ ದೊಡ್ಡದು ಮಾಡಿದರೆ ತುಂಬುವ ಆಸೆ ಹೆಚ್ಚುತ್ತದೆ, ಹೊರುವುದು ನೀವೇ ತಾನೇ?

ಪಟ್ಟಿಯನ್ನು ಈ ತುಂಡು ಚಪ್ಪಟೆ ಇರುವಾಗಲೇ ಹೊಲಿಯಬೇಕು. ಚೀಲದ ಆಕಾರ ಬಂದ ಮೇಲೆ ಮಿಷನ್ ಅಡಿಗೆ ತುರುಕಿದರೆ ಕೈಯೂ ನೋಯುತ್ತದೆ, ಹೊಲಿಗೆಯೂ ಓಡಾಡುತ್ತದೆ. ತುಂಡಿನ ಉದ್ದಕ್ಕೆ ನಡುಗೆರೆ ಹಾಕಿ. ಅದರಿಂದ ಎರಡೂ ಕಡೆಗೆ 9 ಸೆಂಟಿಮೀಟರ್ ದೂರದಲ್ಲಿ ಪಟ್ಟಿಯ ಎರಡು ಸಾಲು ಬರಲಿ. ಎರಡು ತುದಿಯಲ್ಲೂ 55 ಸೆಂಟಿಮೀಟರ್ ಹಿಡಿಯಾಗಿ ಹೊರಗೆ ಇರಲಿ. ಪಟ್ಟಿಯ ಆರಂಭ, ಕೊನೆ ಎರಡೂ ತಳದ ಮಧ್ಯದಲ್ಲಿ ಒಂದರ ಮೇಲೊಂದು ಕೂರಬೇಕು. ಅಲ್ಲಿ ಹೊರಗಿನವರಿಗೆ ಕಾಣುವುದೂ ಇಲ್ಲ, ಎಳೆತವೂ ಕಡಿಮೆ. ಬಾಯಿಯ ಹತ್ತಿರ ಏಳೆಂಟು ಸೆಂಟಿಮೀಟರ್ ಹೊಲಿಯದೆ ಬಿಡಿ. ಬಾಯಿಯ ನಾಲ್ಕು ಸೆಂಟಿಮೀಟರ್ ಒಳಗೆ ಮಡಿಚಿ ಹೊಲಿದ ಮೇಲೆ, ಆ ಮಡಿಕೆಯ ಮೇಲೆ ಪಟ್ಟಿಯನ್ನು ಕೂರಿಸಿ ಚೌಕಾಕಾರಕ್ಕೆ ಹೊಲಿಗೆ ಹಾಕಿ, ಚೌಕದ ಒಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡ ಗೆರೆ ಹೊಲಿಯಿರಿ. ಇಂಥ ಚೌಕ ನಾಲ್ಕು ಕಡೆ ಬೇಕು.

ಆಮೇಲೆ ಉಳಿದಿದ್ದು ಬೇಗ ಆಗುತ್ತದೆ. ಒಳಮುಖ ಹೊರಗೆ ಬರುವಂತೆ ಎರಡಾಗಿ ಮಡಿಚಿ, ಎರಡೂ ಪಕ್ಕ ಒಂದೂವರೆ ಸೆಂಟಿಮೀಟರ್ ಬಿಟ್ಟು ಎರಡೆರಡು ಸಲ ಹೊಲಿಯಿರಿ. ತಳದ ಮೂಲೆಗಳನ್ನು ತ್ರಿಕೋನವಾಗಿ ಎಳೆದು, ಪಕ್ಕದ ಹೊಲಿಗೆ ಸರಿಯಾಗಿ ನಡುವೆ ಬರುವ ಹಾಗೆ ಹಿಡಿದು, 12 ಸೆಂಟಿಮೀಟರ್ ಅಗಲ ಇರುವ ಕಡೆ ಅಡ್ಡಕ್ಕೆ ಹೊಲಿಯಿರಿ. ತಿರುಗಿಸಿದರೆ ಚೀಲ.

ನಿಮ್ಮ ಸೂಜಿ ಮುರಿದದ್ದಕ್ಕೆ ಗೋಣಿಯನ್ನು ದೂರಬೇಡಿ. ರವಿಕೆಗೆ ಹಾಕುವ ತೆಳ್ಳನೆಯ ಸೂಜಿಯಲ್ಲೇ ಹೊಲಿದಿರಬೇಕು ಅನಿಸುತ್ತದೆ. ಗೋಣಿಗೆ, ಜೀನ್ಸ್‌ಗೆ 16ನೇ ನಂಬರಿನ ಸೂಜಿ ಬೇಕು. ಪಟ್ಟಿಯೂ ಮಡಿಕೆಯೂ ಸೇರುವ ಜಾಗಕ್ಕೆ 18. ಇನ್ನೊಂದು ಕಾರಣ, ದಪ್ಪ ಜಾಗ ಬಂದಾಗ ಮಿಷನ್ ಮುಂದೆ ಹೋಗದೆ ಇದ್ದರೆ ನಾವು ಹಿಂದಿನಿಂದ ಬಟ್ಟೆ ಎಳೆಯುತ್ತೇವೆ. ಸೂಜಿ ಬಾಗಿ ಕೆಳಗಿನ ತಗಡಿಗೆ ಬಡಿದು ಮುರಿಯುತ್ತದೆ. ಅಂಥ ಕಡೆ ತುಳಿಯುವುದನ್ನು ನಿಲ್ಲಿಸಿ ಚಕ್ರವನ್ನು ಕೈಯಲ್ಲೇ ತಿರುಗಿಸಿ, ಒಂದೊಂದೇ ಹೊಲಿಗೆ ಹಾಕಿ. ದಪ್ಪ ಮಡಿಕೆ ಹತ್ತುವಾಗ ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್‌ನ ಪಾದ ಮುಂದಕ್ಕೆ ಎತ್ತಿಕೊಳ್ಳುತ್ತದೆ. ಅಷ್ಟೇ ದಪ್ಪದ ಜೀನ್ಸ್ ತುಂಡನ್ನು ಮಡಿಚಿ ಪಾದದ ಹಿಂಭಾಗದ ಅಡಿಗೆ ಇಡಿ. ಪಾದ ಸಮನಾಗುತ್ತದೆ, ಹೊಲಿಗೆ ತಪ್ಪುವುದಿಲ್ಲ. ಹೊಲಿಯುವ ಮೊದಲೇ ಆ ದಪ್ಪ ಜಾಗವನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಚಪ್ಪಟೆ ಮಾಡಿದರೆ ಇನ್ನೂ ಸಲೀಸು.

ದಾರ ಪಾಲಿಯೆಸ್ಟರ್‌ದೇ ಆಗಲಿ. ಕಾಟನ್ ದಾರ ನಮ್ಮ ಮಳೆಗೆ ಕೊಳೆಯುತ್ತದೆ. ಗೋಣಿಗೆ ಇಂಚಿಗೆ ಎಂಟು ಹೊಲಿಗೆ ಸಾಕು. ಅಕ್ಕಿ ಚೀಲಕ್ಕೆ ಆರು. ಒತ್ತಾಗಿ ಹೊಲಿದರೆ ಗಟ್ಟಿ ಅಂತ ಅನಿಸುತ್ತದೆ, ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಒತ್ತು ಹೊಲಿಗೆ ಅಂಚೆಚೀಟಿಯ ಅಂಚಿನ ತೂತುಗಳ ಹಾಗೆ. ಎಳೆದರೆ ಆ ಗೆರೆಯಲ್ಲೇ ಹರಿಯುತ್ತದೆ. ಅದಕ್ಕೆ ಗುಂಡುಸೂಜಿಯನ್ನೂ ಚುಚ್ಚಬೇಡಿ, ತೂತು ಹಾಗೇ ಉಳಿಯುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ ಹಿಡಿದುಕೊಳ್ಳಿ. ಬಿಸಿ ಇಸ್ತ್ರಿಪೆಟ್ಟಿಗೆ ತಾಗಿಸಲೇಬೇಡಿ, ಕರಗಿ ಅಂಟಿಕೊಳ್ಳುತ್ತದೆ.

ಒಂದು ಗೋಣಿ ಚೀಲ ಹೊಲಿದು ಮುಗಿಸಿದ ಕೂಡಲೇ ಮಿಷನ್‌ನ ತಗಡು ಬಿಚ್ಚಿ ನೋಡಿ. ಹಲ್ಲುಗಳ ನಡುವೆ, ಬಾಬಿನ್ ಕೇಸ್ ಸುತ್ತ ಕಂದು ಬಣ್ಣದ ನಾರು ಹತ್ತಿಯ ಹಾಗೆ ತುಂಬಿರುತ್ತದೆ. ಬ್ರಷ್‌ನಿಂದ ತೆಗೆದು ಒಂದೆರಡು ಹನಿ ಎಣ್ಣೆ ಬಿಡಿ. ಹಾಗೇ ಬಿಟ್ಟರೆ ಆ ನಾರು ಎಣ್ಣೆಯನ್ನೆಲ್ಲ ಹೀರಿ ಮಿಷನ್ ಬಿಗಿಯಾಗುತ್ತದೆ. ಅತ್ತೆಯವರ ಕಾಲದ ಕಪ್ಪು ಮಿಷನ್ ಆಗಿದ್ದರೆ ಅದನ್ನು ಜೋಪಾನ ಮಾಡಿ. ದಪ್ಪ ಬಟ್ಟೆಗೆ ಹೊಸ ಹಗುರ ಮಿಷನ್‌ಗಿಂತ ಅದೇ ವಾಸಿ.

ಬೂಸ್ಟಿನ ವಿಷಯಕ್ಕೆ ಬರೋಣ. ಆರಿದ್ರಾ ಮಳೆ ಹಿಡಿದ ಮೇಲೆ ನಿಮ್ಮ ಕಡೆ ಗೋಡೆಗೇ ಬೂಸ್ಟು ಬರುತ್ತದೆ, ಇನ್ನು ಗೋಣಿ ಯಾವ ಲೆಕ್ಕ? ಸೆಣಬು ಗಾಳಿಯಲ್ಲಿರುವ ತೇವವನ್ನೇ ಹೀರಿಕೊಳ್ಳುತ್ತದೆ. ಗೋಣಿಯ ಚೀಲಕ್ಕೆ ನೀವು ಯಾವ ಉಪಚಾರ ಮಾಡಿದರೂ ಜೂನ್‌ನಿಂದ ಆಗಸ್ಟ್‌ವರೆಗೆ ಅದು ಮೂಡಿಗೆರೆಯ ಮಳೆಗೆ ಹೇಳಿದ ಚೀಲ ಅಲ್ಲ. ಬಯಲುಸೀಮೆಯ ಊರಲ್ಲಿ ವರ್ಷವಿಡೀ ನಡೆಯುತ್ತದೆ. ನೀವು ಎರಡು ಚೀಲ ಇಟ್ಟುಕೊಳ್ಳಿ. ಬೇಸಿಗೆಗೆ ಗೋಣಿ, ಮಳೆಗಾಲಕ್ಕೆ ಅಕ್ಕಿ ಚೀಲದ್ದು. ಅಳತೆ, ಕ್ರಮ ಎಲ್ಲ ಅದೇ. ಮಳೆಗಾಲದ ಚೀಲಕ್ಕೆ ಸೀರೆಯ ಪಟ್ಟಿ ಬದಲು ಹಳೇ ಸ್ಕೂಲ್ ಬ್ಯಾಗಿನ ಬೆಲ್ಟ್ ಹಾಕಿದರೆ ಬೇಗ ಒಣಗುತ್ತದೆ. ಅಷ್ಟುದ್ದ ಸಿಗದಿದ್ದರೆ ಜೋಡಣೆ ತಳದಲ್ಲೇ ಬರುವಂತೆ ನೋಡಿಕೊಳ್ಳಿ. ಮಲೆನಾಡಿನ ಮನೆಗಳಲ್ಲಿ ಇನ್ನೊಂದು ಸಾಮಾನು ಧಾರಾಳ ಇರುತ್ತದೆ, ಕಡ್ಡಿ ಮುರಿದ ಕೊಡೆ. ಅದರ ಬಟ್ಟೆಯ ತ್ರಿಕೋನ ತುಂಡುಗಳನ್ನು ಬಿಚ್ಚಿ, ಒಂದು ನೆಟ್ಟಗೆ ಒಂದು ತಲೆಕೆಳಗಾಗಿ ಜೋಡಿಸಿದರೆ ಉದ್ದನೆಯ ತುಂಡು ಆಗುತ್ತದೆ. ಜೇಬಿನಲ್ಲಿ ಮಡಿಚಿಡುವ ಹಗುರ ಚೀಲಕ್ಕೆ ಅದು ಚೆಂದ. ಅದಕ್ಕೆ ಮಾತ್ರ 11ನೇ ನಂಬರಿನ ಸಣ್ಣ ಸೂಜಿ.

ಗೋಣಿ ಚೀಲದ ಒಳಗೆ ನಾರು ಉದುರಿ ಸೊಪ್ಪಿಗೆ ಅಂಟುತ್ತದೆ ಅಂತ ಅಸ್ತರ ಹಾಕುವುದಾದರೆ ಸೀರೆಯ ಉಳಿದ ಒಡಲನ್ನು ಬಳಸಿ, ಎರಡು ಪದರ ಸೇರಿಸಿ. ಪಕ್ಕಕ್ಕೂ ತಳಕ್ಕೂ ಸೇರಿಸಿ ಹೊಲಿಯಬೇಡಿ. ಬಾಯಿಯಲ್ಲಿ ಮಾತ್ರ ಹೊಲಿದು ಒಳಗೆ ಸಡಿಲವಾಗಿ ಇಳಿಬಿಡಿ. ಅಸ್ತರವನ್ನು ಹೊರಗೆ ಎಳೆದು ಒಣಗಿಸಬಹುದು. ಗೋಣಿಗೂ ಅಸ್ತರಕ್ಕೂ ನಡುವೆ ಸಿಕ್ಕ ತೇವದಿಂದಲೇ ಬೂಸ್ಟು ಶುರುವಾಗುವುದು. ಪ್ಲಾಸ್ಟಿಕ್ ಅಸ್ತರವನ್ನು ಗೋಣಿಗೆ ಹಾಕಲೇಬೇಡಿ.

ಅಂಗಡಿಯವರು ಕೊಡುವ, ಬಟ್ಟೆಯ ಹಾಗೆ ಕಾಣುವ ತೆಳ್ಳನೆಯ ಬಣ್ಣದ ಚೀಲವನ್ನು ನೀವು ಬಟ್ಟೆ ಅಂದುಕೊಂಡಿದ್ದರೆ, ಅದೂ ಪ್ಲಾಸ್ಟಿಕ್ಕೇ. ಅಕ್ಕಿ ಚೀಲದ ಎಳೆಯಂತೆ ಅದೂ ಪಾಲಿಪ್ರೊಪಿಲೀನ್, ನೇಯದೆ ಒತ್ತಿ ಅಂಟಿಸಿದ್ದು. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರ ಮಾರ್ಚ್‌ನಲ್ಲೇ ನಿಷೇಧ ಬಂತು. ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ಸಾಮಾನುಗಳ ಮೇಲೆ 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧ ಇದೆ. ಆದರೂ ಸಂತೆ ಮುಗಿದ ಸಂಜೆ ಚರಂಡಿ ತುಂಬ ಅವೇ ಇರುತ್ತವೆ. ನೀವು ನಿಮ್ಮ ರಾಶಿಯಿಂದ ನಾಲ್ಕು ಚೀಲ ಹೊಲಿದು ಅಕ್ಕಪಕ್ಕದವರಿಗೂ ಕೊಟ್ಟರೆ ನನಗೆ ನಿಜವಾಗಿಯೂ ಖುಷಿ.

ಹೊಲಿದ ಚೀಲವನ್ನು ನೇರ ಸಂತೆಗೆ ಒಯ್ಯಬೇಡಿ. ಹತ್ತು ಕೆಜಿ ಅಕ್ಕಿ ತುಂಬಿ ಒಂದು ರಾತ್ರಿ ಗೂಟಕ್ಕೆ ನೇತುಹಾಕಿ. ಬೆಳಗ್ಗೆ ನಾಲ್ಕೂ ಚೌಕಗಳನ್ನು ಬೆಳಕಿಗೆ ಹಿಡಿದು ನೋಡಿ. ಎಳೆ ಸರಿದು ಕಿಂಡಿ ಕಂಡರೆ ಅಲ್ಲಿ ಒಳಗಿನಿಂದ ಜೀನ್ಸ್‌ನ ಒಂದು ತುಂಡು ಇಟ್ಟು ಮತ್ತೊಮ್ಮೆ ಚೌಕ ಹೊಲಿಯಿರಿ. ಕಾಲ ಕಳೆದಂತೆ ಮೊದಲು ಸವೆಯುವುದು ಕೈಯಲ್ಲಿ ಹಿಡಿಯುವ ಭಾಗ. ಅಲ್ಲಿಗೆ ಮಾತ್ರ ಒಂದು ಬಟ್ಟೆ ಸುತ್ತಿ ಹೊಲಿದರೆ ಆಯಿತು.

ಕೊನೆಗೆ ಇಂಟರ್‌ಲಾಕ್ ಮಿಷನ್ ಬೇಕಾ ಅಂದಿರಿ. ಬೇಡ. ಗೋಣಿಗೆ ಎರಡು ಸಾಲಿನ ಹೊಲಿಗೆ ಸಾಕು, ಅಂಚು ಕಾಣಬಾರದು ಅನಿಸಿದರೆ ಸೀರೆಯ ಪಟ್ಟಿಯಿಂದ ಪೈಪಿಂಗ್ ಕೊಡಿ. ಅಕ್ಕಿ ಚೀಲದ ಕತ್ತರಿಸಿದ ಅಂಚನ್ನು ಮೇಣದಬತ್ತಿಯ ಜ್ವಾಲೆಯ ಪಕ್ಕದಲ್ಲಿ, ತಾಗಿಸದೆ, ಬೇಗ ಬೇಗ ಸರಿಸಿ. ಎಳೆಗಳ ತುದಿ ಕರಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕಿಟಕಿ ಬಾಗಿಲು ತೆರೆದಿಟ್ಟು ಮಾಡಿ, ಹೊಗೆ ಕುಡಿಯಬೇಡಿ, ಮಕ್ಕಳು ಹತ್ತಿರ ಇರದಿರಲಿ. ಬೆಂಕಿಯ ಕೆಲಸ ಬೇಡ ಅನಿಸಿದರೆ ಅಂಚನ್ನು ಎರಡು ಸಲ ಒಳಗೆ ಮಡಿಚಿ ಹೊಲಿದರೂ ಸಾಕು.